ಪಾದಚಾರಿಗಳ ಎಣಿಕೆ: ಯಾರನ್ನು, ಎಲ್ಲಿ, ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಶಾಲೆಯ ಮುಂದಿನ ಮುಖ್ಯರಸ್ತೆಗೆ ಪಾದಚಾರಿ ಸಿಗ್ನಲ್ ಬೇಕೆಂದು ಮನವಿ ಸಲ್ಲಿಸಿದ್ದೆವು. ‘ಅಲ್ಲಿ ರಸ್ತೆ ದಾಟುವವರ ಸಂಖ್ಯೆ ಕಡಿಮೆ’ ಎಂಬ ಉತ್ತರ ಬಂದಿದೆ. ಈ ಲೆಕ್ಕವನ್ನು ಹೇಗೆ ಹಾಕುತ್ತಾರೆ? ನಾವೇ ಎಣಿಸಿ ಕೊಡಬಹುದೇ?
– ಓದುಗರೊಬ್ಬರು

ಉತ್ತರ: ಖಂಡಿತ ಕೊಡಬಹುದು, ಆದರೆ ಜನರನ್ನಷ್ಟೇ ಎಣಿಸಿದರೆ ಸಾಲದು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ, ದಟ್ಟಣೆ ಹೆಚ್ಚಿರುವ ಒಂದು ಗಂಟೆಯಲ್ಲಿ ರಸ್ತೆ ದಾಟುವವರ ಸಂಖ್ಯೆಯನ್ನು ಅದೇ ಗಂಟೆಯ ವಾಹನ ಸಂಖ್ಯೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು) ಗುಣಿಸುವ ಸೂತ್ರವಿದೆ. ಗುಣಲಬ್ಧವು ವಿಭಜಕವಿಲ್ಲದ ರಸ್ತೆಯಲ್ಲಿ 10 ಕೋಟಿ, ವಿಭಜಕವಿರುವಲ್ಲಿ 20 ಕೋಟಿ ಮೀರಿದರೆ ದಾಟಲು ನಿಯಂತ್ರಿತ ವ್ಯವಸ್ಥೆಯನ್ನು ಪರಿಗಣಿಸಬೇಕಾಗುತ್ತದೆ. ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 1,000 ವಾಹನಗಳಿದ್ದರೆ ಆ ಮಟ್ಟ ಮುಟ್ಟಲು 100 ಜನ ಬೇಕು. ವಾಹನಗಳು 2,000 ಆದರೆ 25 ಜನರೇ ಸಾಕು. ಹೀಗಾಗಿ ವಾಹನಗಳ ಲೆಕ್ಕವಿಲ್ಲದೆ ‘ಕಡಿಮೆ’ ಎನ್ನುವುದಕ್ಕೆ ಅರ್ಥವಿಲ್ಲ.

ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ, 15 ನಿಮಿಷಕ್ಕೊಂದು ಸಾಲಿನಂತೆ ಬರೆಯುತ್ತಾ ಹೋಗಿ. ಒಬ್ಬರು ವಾಹನ, ಇನ್ನೊಬ್ಬರು ಜನರನ್ನು ಎಣಿಸಲಿ. ಮಕ್ಕಳು, ವೃದ್ಧರು, ಊರುಗೋಲು ಅಥವಾ ಗಾಲಿಕುರ್ಚಿ ಬಳಸುವವರಿಗೆ ಪ್ರತ್ಯೇಕ ಕಲಂ ಇರಲಿ; ಕೆಲವರಾದರೂ ಅಂಚಿನಲ್ಲಿ ಎಷ್ಟು ಸೆಕೆಂಡು ಕಾದರೆಂಬುದನ್ನೂ ಗುರುತಿಸಿ. ಮೆಲ್ಬರ್ನ್ ನಗರವು 2009ರಿಂದ ಸೆನ್ಸರ್‌ಗಳ ಮೂಲಕ ಪಾದಚಾರಿಗಳನ್ನು ಎಣಿಸಿ, ಗಂಟೆವಾರು ಅಂಕಿಗಳನ್ನು ಸಾರ್ವಜನಿಕರಿಗೆ ನೀಡುತ್ತಿದೆ. ಆದರೆ ದಾಟಿದ್ದು ಅಜ್ಜಿಯೋ ಮಗುವೋ, ಎಷ್ಟು ಹೊತ್ತು ಹಿಂಜರಿದು ನಿಂತಿದ್ದರೋ ಎಂಬುದನ್ನು ಬರೀ ಸಂಖ್ಯೆ ಹೇಳುವುದಿಲ್ಲ. ಕೈಲೆಕ್ಕದ ಬೆಲೆ ಅಲ್ಲಿದೆ.

ಫುಟ್‌ಪಾತ್‌ನ ಕಡೆಗೂ ಕಣ್ಣಿಡಿ. ಟ್ರಾನ್ಸ್‌ಫಾರ್ಮರ್ ಅಥವಾ ನಿಲ್ಲಿಸಿದ ಬೈಕು ಅಡ್ಡ ಬಂದು ಜನ ರಸ್ತೆಗೆ ಇಳಿಯುವ ಪ್ರತಿಯೊಂದು ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿ, ಅಲ್ಲಿ ಉಳಿದಿರುವ ಅಗಲವನ್ನು ಟೇಪಿನಿಂದ ಅಳೆಯಿರಿ. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಇರಬೇಕೆನ್ನುತ್ತದೆ ಅದೇ ಮಾರ್ಗಸೂಚಿ.

ಇಷ್ಟಾದರೂ ಎಣಿಕೆಗೆ ಸಿಗದವರಿದ್ದಾರೆ, ನನ್ನ ದೃಷ್ಟಿಯಲ್ಲಿ ಅವರೇ ಮುಖ್ಯರು: ಎದುರು ಬದಿಯ ಶಾಲೆಗೂ ಮಗುವನ್ನು ಸ್ಕೂಟರಿನಲ್ಲೇ ಬಿಡುವ ತಾಯಿ, ದಾಟಲು ಹೆದರಿ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟ ಹಿರಿಯರು. ಅಪಾಯ ಹೆಚ್ಚಿದಷ್ಟೂ ದಾಟುವವರು ಕಡಿಮೆಯಾಗುತ್ತಾರೆ, ಸೂತ್ರಕ್ಕೆ ಅದು ಕಾಣುವುದಿಲ್ಲ. ಆದ್ದರಿಂದ ರಸ್ತೆಯ ಎರಡೂ ಬದಿಯ ಮನೆಗಳಲ್ಲಿ, ಶಾಲೆಯ ಪೋಷಕರಲ್ಲಿ ‘ಸುರಕ್ಷಿತವಾಗಿದ್ದರೆ ನಡೆದು ಹೋಗುತ್ತಿದ್ದಿರಾ?’ ಎಂದು ಕೇಳಿ ಬರೆದುಕೊಂಡು, ದಿನಾಂಕ, ವೇಳೆ ಮತ್ತು ನಕ್ಷೆಯೊಂದಿಗೆ ಹೊಸ ಮನವಿಗೆ ಲಗತ್ತಿಸಿ. ರಜೆ ಮತ್ತು ಪರೀಕ್ಷೆಯ ದಿನಗಳಲ್ಲಿ ಎಣಿಕೆ ಬೇಡ.