ಸಂಪಾದಕರ ಉತ್ತರ: ಹಿಂಬಾಗಿಲಿಗೆ ಹೋದ ಕೊಡೆ

ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರವನ್ನು ಇಡಿಯಾಗಿ ಅಚ್ಚು ಮಾಡಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರಾಂಶ ಹೇಳಿಬಿಡುತ್ತೇನೆ. ಹದಿನೈದು ವರ್ಷದ ನಿಮ್ಮ ಮಗಳು ಒಂದು ವರ್ಷದಿಂದ ಒಂದೇ ಬಗೆಯ ಕಾದಂಬರಿಗಳಿಗೆ ಅಂಟಿಕೊಂಡಿದ್ದಾಳೆ. ಒಂದು ದೊಡ್ಡ ಮನೆ, ಆ ಮನೆಯ ಹುಡುಗ, ಹೊರಗಿನಿಂದ ಬಂದ ಹುಡುಗಿ, ಇಬ್ಬರ ಪ್ರೇಮ, ಮನೆಯವರೆಲ್ಲ ಸೇರಿ ಮುಚ್ಚಿಟ್ಟ ಒಂದು ಗುಟ್ಟು. ನಮ್ಮ ಪತ್ರಿಕೆಯ ಈಗಿನ ಧಾರಾವಾಹಿಯೂ ಅದೇ ಬಗೆಯದು ಎಂಬುದು ನಿಮಗೆ ನೋವು ತಂದಿದೆ. "ಹೊಟ್ಟೆ ತುಂಬಿದವರ ಕಣ್ಣೀರನ್ನು ಮಕ್ಕಳಿಗೆ ಏಕೆ ಮಾರುತ್ತೀರಿ?" ಎಂದು ಕೇಳಿದ್ದೀರಿ. ಕೊನೆಯ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ವಿಷಯವಿದೆ. ಮೊನ್ನೆ ಅವಳು ಪುಸ್ತಕ ಮುಚ್ಚಿಟ್ಟು, "ಅಮ್ಮ, ಚಿಕ್ಕಪ್ಪ ನಮ್ಮ ಮನೆಗೆ ಬರುವುದನ್ನು ಯಾಕೆ ಬಿಟ್ಟರು?" ಎಂದು ಕೇಳಿದಳಂತೆ. ಆವತ್ತಿನಿಂದ ಈ ಪುಸ್ತಕಗಳನ್ನು ಕಂಡರೆ ನಿಮಗೆ ಆಗುವುದಿಲ್ಲ.

ಮೊದಲು ನಿಮ್ಮ ಸಿಟ್ಟಿನಲ್ಲಿ ನನಗೂ ಪಾಲಿದೆ ಎಂದು ಹೇಳಬೇಕು. ಇಂಥ ಹಸ್ತಪ್ರತಿಗಳು ನಮಗೆ ರಾಶಿ ಬರುತ್ತವೆ, ಬಹುಪಾಲು ವಾಪಸು ಹೋಗುತ್ತವೆ. ಮೊದಲ ಅಧ್ಯಾಯವಿಡೀ ಮೆಟ್ಟಿಲಿನ ಅಮೃತಶಿಲೆ, ಹುಡುಗನ ಕಾರು, ಅವನ ಕೈಗಡಿಯಾರ. ಅಷ್ಟಿದ್ದರೆ ಪಕ್ಕಕ್ಕಿಟ್ಟು ಸುಮ್ಮನಾಗಬಹುದು. ನನಗೆ ತಡೆಯಲಾಗದ್ದು ಬೇರೆ. ಹುಡುಗಿ ಬೇಡವೆಂದರೂ ಅವನು ಹಿಂದೆ ಬರುತ್ತಾನೆ, ಅವಳ ಮೊಬೈಲ್ ನೋಡುತ್ತಾನೆ, ಅವಳು ಯಾರೊಡನೆ ಮಾತನಾಡಬೇಕೆಂದು ತಾನೇ ತೀರ್ಮಾನಿಸುತ್ತಾನೆ, ಮರುದಿನ ಒಂದು ಉಡುಗೊರೆ ಕಳಿಸುತ್ತಾನೆ. ಲೇಖಕರು ಅದನ್ನು ಪ್ರೇಮವೆಂದು ಕರೆಯುತ್ತಾರೆ. ಇದನ್ನೇ ಕಾಸಿಲ್ಲದ ಹುಡುಗನೊಬ್ಬ ಮಾಡಿದ್ದರೆ ಅದೇ ಲೇಖಕರು ಅವನನ್ನು ಖಳನಾಯಕನನ್ನಾಗಿ ಮಾಡುತ್ತಿದ್ದರು. ಹಣವಂತನ ಹಟವನ್ನು ಒಲವೆಂದು ಹದಿನೈದರ ಹುಡುಗಿಗೆ ಕಲಿಸುವ ಪುಸ್ತಕವನ್ನು ನಾನು ಅಚ್ಚು ಮಾಡುವುದಿಲ್ಲ. ನಿಮ್ಮ ಮಗಳ ಕೈಯಲ್ಲಿ ಅಂಥದ್ದು ಕಂಡರೆ ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಕುಳಿತು ಆ ಪುಟವನ್ನು ಗಟ್ಟಿಯಾಗಿ ಓದಿಸಿ. ಕಿವಿಗೆ ಬಿದ್ದಾಗ ಅವಳಿಗೇ ಗೊತ್ತಾಗುತ್ತದೆ.

ಇನ್ನು ನಮ್ಮ ಧಾರಾವಾಹಿ. ಮೂರನೆಯ ಕಂತನ್ನು ಇನ್ನೊಮ್ಮೆ ತೆಗೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಮಳೆಯಲ್ಲಿ ಬಂದ ಹುಡುಗಿ ಒದ್ದೆ ಕೊಡೆಯನ್ನು ಮುಂಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಒಳಗೆ ಹೋಗುತ್ತಾಳೆ. ಹುಡುಗನ ತಾಯಿ ನಗುನಗುತ್ತ ಕೂರಿಸುತ್ತಾರೆ, ಓದಿನ ಬಗ್ಗೆ ವಿಚಾರಿಸುತ್ತಾರೆ. ಒಂದು ಬಿರುಸು ಮಾತಿಲ್ಲ. ಹೊರಡುವಾಗ ನೋಡಿದರೆ ಕೊಡೆ ಇಟ್ಟ ಜಾಗದಲ್ಲಿಲ್ಲ. ಹುಡುಕಿದರೆ ಹಿಂಬಾಗಿಲಲ್ಲಿದೆ, ಕೆಲಸದವರ ಪೊರಕೆ, ಬಕೆಟ್‌ಗಳ ಪಕ್ಕದಲ್ಲಿ, ನೀರು ಒರೆಸಿ, ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದಾರೆ. "ಯಾರೋ ತೆಗೆದಿಟ್ಟಿರಬೇಕು" ಎನ್ನುತ್ತಾನೆ ಹುಡುಗ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜಕ್ಕೂ ಏನೂ ಕಾಣಿಸಿಲ್ಲ. ಹುಡುಗಿ ಆ ಬಾಗಿಲಿನಿಂದಲೇ ಹೊರಟು, ಕೊಡೆ ಬಿಚ್ಚದೆ ಮಳೆಯಲ್ಲಿ ನಡೆಯುತ್ತಾಳೆ.

ಮೊದಲ ಕರಡಿನಲ್ಲಿ ಆ ತಾಯಿ ಅರ್ಧ ಪುಟದಷ್ಟು ಹೀನಾಯವಾಗಿ ಮಾತನಾಡುತ್ತಿದ್ದರು. ಲೇಖಕಿ ಅದನ್ನೆಲ್ಲ ತಾನೇ ಹೊಡೆದು ಹಾಕಿ ಕೊಡೆಯನ್ನಷ್ಟೇ ಉಳಿಸಿದರು. ಧಾರಾವಾಹಿಯನ್ನು ಪ್ರಕಟಿಸಲು ನಾನು ಒಪ್ಪಿದ್ದು ಆ ದಿನ. ಅಲ್ಲಿ ಕಾಣುವುದು ಸಿರಿತನದ ಬೆಡಗಲ್ಲ. ಬಾಯಿ ತೆರೆಯದೆಯೇ ಒಬ್ಬರ ಜಾಗ ಯಾವುದೆಂದು ತೋರಿಸಿಬಿಡುವ ಒಂದು ಮನೆಯ ಪಳಗಿದ ಕೈ. ಆ ಮನೆಯ ಹಿರಿಯ ಮಗಳ ಹೆಸರನ್ನು ಯಾರೂ ಏಕೆ ಎತ್ತುವುದಿಲ್ಲ ಎಂಬುದೂ ಅದೇ ಕೈಯ ಕೆಲಸವೆಂದು ನಿಮ್ಮ ಮಗಳು ಇಷ್ಟು ಹೊತ್ತಿಗೆ ಊಹಿಸಿರುತ್ತಾಳೆ.

ಅದಕ್ಕೆ ಶ್ರೀಮಂತರ ಮನೆಯೇ ಏಕೆ ಬೇಕು ಎಂದು ನೀವು ಕೇಳಬಹುದು. ಗುಟ್ಟು ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಆಸ್ತಿಯಿರುವ ಮನೆಯಲ್ಲಿ ಮೌನಕ್ಕೆ ಲೆಕ್ಕಪತ್ರವಿರುತ್ತದೆ. ಉಯಿಲು, ಪಾಲು, ವಕೀಲರು, ಸಹಿ. ಯಾರು ಬಾಯಿ ಬಿಟ್ಟರೆ ಯಾರ ಪಾಲು ಹೋಗುತ್ತದೆ ಎಂಬುದು ಕಾಗದದ ಮೇಲೆ ಬರೆದಿರುತ್ತದೆ. ಬೇರೆ ಕಡೆ ಹೊಗೆಯಂತೆ ಹರಡಿಕೊಂಡಿರುವುದು ಅಲ್ಲಿ ಕೈಗೆ ಸಿಗುತ್ತದೆ, ಕಥೆಗಾರರಿಗೆ ಬೇಕಾದದ್ದೂ ಅದೇ. ಶೇಕ್ಸ್‌ಪಿಯರನ ಲಿಯರ್ ದೊರೆ ರಾಜ್ಯ ಹಂಚುವ ಮೊದಲು ಮೂವರು ಹೆಣ್ಣುಮಕ್ಕಳನ್ನು ನಿಲ್ಲಿಸಿ, ಯಾರಿಗೆ ನನ್ನ ಮೇಲೆ ಹೆಚ್ಚು ಪ್ರೀತಿ ಎಂದು ಕೇಳುತ್ತಾನಲ್ಲ, ಅದೇ ಪ್ರಶ್ನೆ ಇಂದಿನ ಹದಿಹರೆಯದವರ ಕಾದಂಬರಿಗಳಲ್ಲೂ ಕೇಳಿಸುತ್ತದೆ. ಇ. ಲಾಕ್‌ಹಾರ್ಟ್ ಅವರ 'ವಿ ವರ್ ಲೈಯರ್ಸ್' 2014ರಲ್ಲಿ ಬಂತು. ಖಾಸಗಿ ದ್ವೀಪದಲ್ಲಿ ಬೇಸಿಗೆ ಕಳೆಯುವ ಒಂದು ಕುಟುಂಬ, ಆಸ್ತಿಯ ಯಜಮಾನನಾದ ಅಜ್ಜ, ಮತ್ತೆ ಮೂವರು ಹೆಣ್ಣುಮಕ್ಕಳು. ತಮ್ಮಿಂದಾಗದ್ದನ್ನು ಮಾಡಿಸಿಕೊಳ್ಳಲು ಆ ತಾಯಂದಿರು ಅಜ್ಜನ ಮನಸ್ಸು ಒಲಿಸುವಂತೆ ತಮ್ಮ ಮಕ್ಕಳನ್ನು ಮುಂದೆ ದೂಡುತ್ತಾರೆ. ಮಿಕ್ಕದ್ದನ್ನು ಹೇಳಿದರೆ ಓದುವವರಿಗೆ ಅನ್ಯಾಯವಾಗುತ್ತದೆ.

ಈ ಬಗೆಯ ಕಥೆ ನಿನ್ನೆ ಮೊನ್ನೆಯದಲ್ಲ ಎನ್ನುವುದಕ್ಕೆ ನನ್ನ ಬಳಿ ಇನ್ನೂ ಬಲವಾದ ಸಾಕ್ಷಿಯಿದೆ. ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್' ಪ್ರಕಟವಾದದ್ದು 1813ರಲ್ಲಿ. ಎಲ್ಲರಿಗೂ ನೆನಪಿರುವುದು ಸಾಧಾರಣ ಮನೆಯ ಎಲಿಜಬೆತ್ ಮತ್ತು ಸಿರಿವಂತ ಡಾರ್ಸಿಯ ಪ್ರೇಮ. ನಾನು ಆ ಪುಸ್ತಕವನ್ನು ಮೂರನೆಯ ಸಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಇಬ್ಬರು ಚಿಕ್ಕ ಹುಡುಗಿಯರು.

ಒಬ್ಬಳು ಡಾರ್ಸಿಯ ತಂಗಿ ಜಾರ್ಜಿಯಾನಾ. ಹದಿನೈದು ವರ್ಷ, ಅವಳ ಹೆಸರಿನಲ್ಲಿ ಮೂವತ್ತು ಸಾವಿರ ಪೌಂಡ್. ಅವರ ತಂದೆಯ ಆಸ್ತಿ ನೋಡಿಕೊಳ್ಳುತ್ತಿದ್ದವನ ಮಗ ವಿಕ್ಹ್ಯಾಮ್ ಅವಳಲ್ಲಿ ಪ್ರೇಮ ಹುಟ್ಟಿಸಿ ಓಡಿಹೋಗಲು ಒಪ್ಪಿಸುತ್ತಾನೆ. ಅವನ ಕಣ್ಣು ಹಣದ ಮೇಲೆ. ಹೊರಡಲು ಒಂದೆರಡು ದಿನವಿರುವಾಗ ಹುಡುಗಿ ಮನಸ್ಸು ತಡೆಯದೆ ಅಣ್ಣನಿಗೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ಅಣ್ಣ ಅವಳನ್ನು ಕಾಪಾಡುತ್ತಾನೆ, ತಂಗಿಯ ಮಾನಕ್ಕಾಗಿ ವಿಷಯವನ್ನು ಮುಚ್ಚಿಹಾಕುತ್ತಾನೆ. ಪ್ರೀತಿಯಿಂದಲೇ ಮಾಡಿದ ಕೆಲಸ, ಅದರಲ್ಲಿ ಸಂಶಯವಿಲ್ಲ. ಆದರೆ ಆಮೇಲೆ ಏನಾಗುತ್ತದೆ? ವಿಕ್ಹ್ಯಾಮ್ ಇನ್ನೊಂದು ಊರಿಗೆ ಬರುತ್ತಾನೆ. ಅವನು ಎಂಥವನೆಂದು ಅಲ್ಲಿ ಯಾರಿಗೂ ತಿಳಿಯದು. ಆಮೇಲೆ ತಿಳಿದುಕೊಂಡ ಎಲಿಜಬೆತ್ ಕೂಡ ಬಾಯಿ ಬಿಡುವುದಿಲ್ಲ. ಕೊನೆಗೆ ಅವನು ಓಡಿಸಿಕೊಂಡು ಹೋಗುವುದು ಎಲಿಜಬೆತ್‌ಳ ಸ್ವಂತ ತಂಗಿಯನ್ನು. ಲಿಡಿಯಾಗೆ ಆಗ ಹದಿನಾರು.

ದೊಡ್ಡ ಮನೆಯ ಗುಟ್ಟಿನ ಬೆಲೆಯನ್ನು ಚಿಕ್ಕ ಮನೆಯ ಹುಡುಗಿ ತೆತ್ತಳು. ಡಾರ್ಸಿಗೆ ಇದು ಅರಿವಾಗುತ್ತದೆ. ಮೊದಲೇ ಹೇಳಿದ್ದರೆ ಹೀಗಾಗುತ್ತಿರಲಿಲ್ಲ, ತನ್ನ ಹಮ್ಮೇ ಬಾಯಿ ಕಟ್ಟಿತು ಎಂದು ಒಪ್ಪಿಕೊಂಡು, ವಿಕ್ಹ್ಯಾಮ್‌ನ ಸಾಲ ತೀರಿಸಿ ಮದುವೆ ಮಾಡಿಸುತ್ತಾನೆ. ಅದನ್ನೂ ಗುಟ್ಟಾಗಿಯೇ ಮಾಡುತ್ತಾನೆ. ಆ ಗುಟ್ಟು ಬಾಯಿ ತಪ್ಪಿ ಹೊರಬೀಳುವುದು ಲಿಡಿಯಾಳಿಂದಲೇ. ಅವಳನ್ನು ಬರೀ ಚೆಲ್ಲು ಹುಡುಗಿ ಎಂದು ನಗುವವರಿದ್ದಾರೆ. ನನಗೆ ಈಗ ನಗು ಬರುವುದಿಲ್ಲ. ಜೀವಮಾನವಿಡೀ ಆ ಮನುಷ್ಯನ ಜೊತೆ ಬಾಳಬೇಕಾದವಳು ಅವಳು, ಅವಳಿಗೆ ಮಾತ್ರ ಯಾರೂ ಮುನ್ನೆಚ್ಚರಿಕೆ ಕೊಟ್ಟಿರಲಿಲ್ಲ.

ಇದೆಲ್ಲ ಹದಿನೈದರವರಿಗೆ ಏಕೆ ಎನ್ನುತ್ತೀರಿ. ಅಮೆರಿಕದಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿ ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಎರಡು ಗುಂಪಾಗಿ ಬಡಿದಾಡುವ ಕಥೆಯನ್ನು ಬರೆಯಲು ಹಿಡಿದಾಗ ಅವಳಿಗೂ ಹದಿನೈದೇ. 1967ರಲ್ಲಿ 'ದಿ ಔಟ್‌ಸೈಡರ್ಸ್' ಆಗಿ ಅದು ಅಚ್ಚಾದಾಗ ಹದಿನೆಂಟು. ಹದಿಹರೆಯದವರ ಸಾಹಿತ್ಯವೆಂಬ ವಿಭಾಗ ಗಟ್ಟಿಯಾಗಿ ಬೇರೂರಿದ್ದು ಆ ಪುಸ್ತಕದಿಂದ ಎನ್ನುವವರು ಬಹಳ. ಯಾರ ಕೈಯಲ್ಲಿ ಏನಿದೆ, ಯಾರ ತಪ್ಪು ಮಾಫಿ ಆಗುತ್ತದೆ, ಯಾರದು ಆಗುವುದಿಲ್ಲ ಎನ್ನುವುದು ಆ ವಯಸ್ಸಿಗೆ ಚೆನ್ನಾಗಿ ಕಾಣುತ್ತದೆ. ದೊಡ್ಡವರಾದ ಮೇಲೆ ನಾವೇ ಕಣ್ಣು ಅತ್ತ ತಿರುಗಿಸಿಕೊಳ್ಳುತ್ತೇವೆ.

ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ಸಂಪಾದಕಿಯಾಗಿ ಹೇಳಬೇಕಾದದ್ದಲ್ಲ, ಆದರೆ ನಿಮ್ಮ ಪತ್ರದ ಅಂಚಿನ ಸಾಲನ್ನು ಓದಿದ ಮೇಲೆ ಹೇಳದೆ ಇರಲಾರೆ.

ನಮ್ಮದು ಎರಡು ಕೋಣೆಯ ಮನೆ. ಹಂಚಿಕೊಳ್ಳಲು ಏನೂ ಇರಲಿಲ್ಲ. ನನಗೆ ಹದಿನಾರಾಗಿದ್ದಾಗ ಅಲಮಾರಿನ ತಳದಲ್ಲಿ ಒಂದು ಹಳೆಯ ಫೋಟೊ ಸಿಕ್ಕಿತು. ಅದರಲ್ಲಿ ಅಪ್ಪ ಮತ್ತು ಅವರ ಒಡಹುಟ್ಟಿದವರು, ಒಟ್ಟು ನಾಲ್ವರು ಮಕ್ಕಳು ಸಾಲಾಗಿ ನಿಂತಿದ್ದರು. ಬಲಗಡೆಯ ಅಂಚನ್ನು ಕತ್ತರಿಯಿಂದ ಕತ್ತರಿಸಿದ್ದರು. ಕತ್ತರಿಸಿದವರು ಆತುರದಲ್ಲಿದ್ದರೋ ಏನೋ, ದೊಡ್ಡಪ್ಪನ ಭುಜದ ಮೇಲೆ ಒಂದು ಪುಟ್ಟ ಕೈ ಉಳಿದುಬಿಟ್ಟಿತ್ತು. ತಿರುಗಿಸಿದರೆ ಹಿಂದೆ ಅಜ್ಜಿಯ ಅಕ್ಷರದಲ್ಲಿ "ಐವರು ಮಕ್ಕಳು" ಎಂದಿತ್ತು. ಯಾರು ಈ ಐದನೆಯವರು ಎಂದು ಕೇಳಿದೆ. ಅಜ್ಜಿ ಫೋಟೊ ತೆಗೆದುಕೊಂಡು ಸೀರೆಗಳ ಅಡಿಗೆ ಸೇರಿಸಿ, "ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಹೋಗಿ ನೋಡು" ಎಂದರು. ನಾನು ಹೋಗಿ ನೋಡಿದೆ. ಒಲೆ ಆರಿತ್ತು.

ಆ ವರ್ಷ ನಾನು ದೊಡ್ಡ ಮನೆಗಳ ಗುಟ್ಟಿನ ಕಾದಂಬರಿಗಳನ್ನು ಸಿಕ್ಕಿದ್ದೆಲ್ಲ ಓದಿದೆ. ಅಮ್ಮನಿಗೂ ನಿಮ್ಮಂತೆಯೇ ಚಿಂತೆಯಾಗಿತ್ತು. ನನಗೆ ಅವರ ಅರಮನೆ ಬೇಕಿರಲಿಲ್ಲ. ಅಂಥ ಪುಸ್ತಕಗಳಲ್ಲಿ ಮಾತ್ರ ಯಾರಾದರೊಬ್ಬ ಹುಡುಗಿ ಮುಚ್ಚಿದ ಕೋಣೆಯ ಬೀಗ ತೆಗೆಯುತ್ತಿದ್ದಳು, ಮನೆಯವರು ಅವಳಿಗೆ ಉತ್ತರ ಕೊಡಲೇಬೇಕಾಗುತ್ತಿತ್ತು. ಅತ್ತೆಯ ಹೆಸರು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ದೂರದ ನೆಂಟರೊಬ್ಬರ ಬಾಯಿಂದ. ಮನೆಯವರಿಗೆ ಒಪ್ಪಿಗೆಯಾಗದವರನ್ನು ಮದುವೆಯಾಗಿದ್ದರಂತೆ, ಅಷ್ಟೇ. ಅಷ್ಟು ಹೊತ್ತಿಗೆ ಅಜ್ಜಿಯೂ ಇರಲಿಲ್ಲ, ಅತ್ತೆಯೂ ಇರಲಿಲ್ಲ.

ಹಸ್ತಪ್ರತಿಗಳನ್ನು ಆರಿಸುವಾಗ ನಾನು ನೋಡುವುದು ಇಷ್ಟನ್ನೇ: ಈ ಗುಟ್ಟಿಗೆ ಬೆಲೆ ತೆತ್ತವರು ಯಾರು, ಲೇಖಕರು ಅವರನ್ನು ಮರೆತಿದ್ದಾರೆಯೇ? ಕೊನೆಯ ಅಧ್ಯಾಯದಲ್ಲಿ ಅಜ್ಜ ಎಲ್ಲರನ್ನೂ ಅಪ್ಪಿಕೊಂಡು, ಮನೆ ಪ್ರೇಮಿಗಳ ಪಾಲಾಗಿ, ಇಪ್ಪತ್ತು ವರ್ಷ ಎಲ್ಲವನ್ನೂ ಬಲ್ಲ ಅಡುಗೆಯವಳು ಕಥೆಯಿಂದಲೇ ಮಾಯವಾಗಿದ್ದರೆ ಆ ಹಸ್ತಪ್ರತಿ ಹಿಂದಿರುಗುತ್ತದೆ. ನಿಮ್ಮ ಮಗಳೊಡನೆ ಈ ಪ್ರಶ್ನೆಯನ್ನು ಹಂಚಿಕೊಳ್ಳಿ. ಅವಳು ಓದಿದ ಪುಸ್ತಕಗಳಲ್ಲಿ ಅರ್ಧವನ್ನು ಅವಳೇ ಪಕ್ಕಕ್ಕೆ ಸರಿಸಿದರೆ ನನಗೆ ಆಶ್ಚರ್ಯವಿಲ್ಲ. ಉಳಿದರ್ಧವನ್ನು ನೀವು ಓದಿ. ಕಡೇಪಕ್ಷ ನಮ್ಮ ಧಾರಾವಾಹಿಯನ್ನಾದರೂ.

ಅದರ ಕೊನೆಯ ಕಂತು ಮುಂದಿನ ಸಂಚಿಕೆಯಲ್ಲಿದೆ. ಆ ಮನೆಯ ಹಿರಿಯ ಮಗಳು ಎಲ್ಲಿಗೆ ಹೋದಳೆಂದು ಅದರಲ್ಲಿ ತಿಳಿಯುತ್ತದೆ, ಕೊಡೆಯನ್ನು ಎತ್ತಿಟ್ಟ ಕೈ ಯಾರದೆಂಬುದೂ ತಿಳಿಯುತ್ತದೆ. ಪತ್ರಿಕೆ ಬಂದ ದಿನ ಮೊದಲು ಅವಳಿಗೆ ಕೊಡಿ, ಅವಳು ಮುಗಿಸಿದ ಮೇಲೆ ನೀವು ತೆಗೆದುಕೊಳ್ಳಿ. ಚಿಕ್ಕಪ್ಪನ ವಿಷಯವನ್ನು ನಾನು ಕೇಳುವುದಿಲ್ಲ, ಅದು ನನಗೆ ತಿಳಿಯಬೇಕಾದದ್ದೂ ಅಲ್ಲ. ಅವಳು ಕೇಳಿದ್ದು ನಿಮ್ಮನ್ನು.

ವಿಶ್ವಾಸದಿಂದ,
ಸಂಪಾದಕಿ