ಮಧ್ಯಯುಗದ ಯುರೋಪಿನ ರಾಜರ ಆಭರಣಗಳು ಇಂದಿನ ಕಣ್ಣಿಗೆ ಚೆಂದ ಕಾಣುತ್ತವೆಯೇ?

ಮೊದಲ ನೋಟಕ್ಕೆ ಹಲವರಿಗೆ ಒರಟಾಗಿ, ಮಂಕಾಗಿ ಕಾಣುತ್ತವೆ. ಕಾರಣ ಹರಳಿನ ಕೆಲಸದಲ್ಲಿದೆ. ಇಂದಿನ ವಜ್ರ ಮಿಂಚುವುದು ಮೈತುಂಬ ಲೆಕ್ಕ ಹಾಕಿ ಕತ್ತರಿಸಿದ ಪುಟ್ಟ ಮುಖಗಳಿಂದ; ಬ್ರಿಲಿಯಂಟ್ ಕಟ್ ಎಂಬ ಇಂದಿನ ದುಂಡು ಕತ್ತರಿಕೆಯಲ್ಲಿ ಅಂಥವು 57 ಅಥವಾ 58. ಆಗಿನವರು ಹೆಚ್ಚಾಗಿ ಹರಳನ್ನು ಗುಂಡಗೆ ಉಜ್ಜಿ ಹೊಳಪು ಕೊಟ್ಟು ಬಿಡುತ್ತಿದ್ದರು. ಅಂಥ ಕಲ್ಲು ಥಳಥಳಿಸುವುದಿಲ್ಲ, ಬಣ್ಣ ತುಂಬಿಕೊಂಡು ಒಳಗಿಂದ ಬೆಳಗುತ್ತದೆ.

ವಿಯೆನ್ನಾದಲ್ಲಿರುವ, ಪವಿತ್ರ ರೋಮನ್ ಸಾಮ್ರಾಜ್ಯ ಎಂಬ ಮಧ್ಯ ಯುರೋಪಿನ ಹಳೆಯ ಸಾಮ್ರಾಜ್ಯದ ಕಿರೀಟವನ್ನೇ ನೋಡಿ. ಎಂಟು ಚಿನ್ನದ ಫಲಕಗಳು, ಒಂದರ ಪಕ್ಕ ಒಂದು. ಹರಳು ಕೂರುವ ಜಾಗದಲ್ಲಿ ಫಲಕವನ್ನೇ ಕೊರೆದು ತೂತು ಮಾಡಿದ್ದಾರೆ, ಹಿಂದಿನಿಂದ ಬೆಳಕು ಹಾಯಲೆಂದು. ಒಂದೇ ಅಳತೆಯ ಎರಡು ಕಲ್ಲು ಸಿಗುವುದು ಕಷ್ಟ. ಒಂದು ಉದ್ದ, ಒಂದು ಡೊಂಕು. ಯಂತ್ರದ ಅಚ್ಚುಕಟ್ಟಿಗೆ ಒಗ್ಗಿದ ಕಣ್ಣು ಇದನ್ನೇ ದೋಷ ಎನ್ನುತ್ತದೆ. ಕಲ್ಲನ್ನು ಸಮ ಮಾಡಲು ಹೋದರೆ ತೂಕ ಹೋಗುತ್ತಿತ್ತು, ಅದಕ್ಕೇ ಹಾಗೆ ಬಿಟ್ಟರು.

ಇನ್ನೊಂದು ತೊಡಕು ಮ್ಯೂಸಿಯಂ ದೀಪ. ಈ ಒಡವೆಗಳು ಮೇಣದಬತ್ತಿಯ ಅಲುಗಾಡುವ ಬೆಳಕಿಗೆ, ತಲೆ ತಿರುಗಿದಾಗಲೆಲ್ಲ ಹೊಳೆಯಲೆಂದು ಮಾಡಿದವು. ಗಾಜಿನ ಪೆಟ್ಟಿಗೆಯಲ್ಲಿ ಅಲುಗಾಡದೆ ಕೂತರೆ ಅರ್ಧ ಸೊಬಗು ಸತ್ತಂತೆಯೇ.

ಎಲ್ಲವೂ ಒರಟಲ್ಲ ಬಿಡಿ. 14ನೇ ಶತಮಾನದ ಕೊನೆಯಲ್ಲಿ ಮಾಡಿದ, ಈಗ ಮ್ಯೂನಿಕ್‌ನಲ್ಲಿರುವ, ಇಂಗ್ಲೆಂಡಿನ ಬ್ಲಾಂಚ್ ರಾಜಕುಮಾರಿಯ ಕಿರೀಟದ ಹನ್ನೆರಡು ಲಿಲ್ಲಿ ಹೂಗಳು ಬಿಚ್ಚಿ ಜೋಡಿಸುವಂಥವು. ಮುತ್ತು, ನೀಲಗಳ ಆ ಕುಸುರಿ ಇಂದಿನ ಮದುವಣಗಿತ್ತಿಯ ತಲೆಗೂ ಒಪ್ಪುತ್ತದೆ.