‘ಸತ್ತ ಮಣ್ಣು’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಯುದ್ಧದಿಂದಾಗಿ ಮಣ್ಣಿಗೆ ಸೇರುವ ಕಾರ್ಖಾನೆ ರಾಸಾಯನಿಕಗಳ ಬಗ್ಗೆ ನೀವು ಬರೆದ ‘ಸತ್ತ ಮಣ್ಣು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ವಿಷಯ ದೊಡ್ಡದು, ನೀವು ಓದಿಕೊಂಡಿರುವುದೂ ಗೊತ್ತಾಗುತ್ತದೆ. ಅದಕ್ಕೇ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ.

ಫ್ರಾನ್ಸ್, ವಿಯೆಟ್ನಾಂ, ಕುವೈತ್, ಸರ್ಬಿಯಾ ನಾಲ್ಕಕ್ಕೂ ನೀವು ಒಂದೇ ಮಾತು ಬಳಸಿದ್ದೀರಿ: ವಿಷ ಮಣ್ಣಿಗಿಳಿಯಿತು, ಭೂತಾಯಿ ನರಳಿದಳು. ಭೂತಾಯಿಯನ್ನು ಬಿಡಿ. ಯಾವ ರಾಸಾಯನಿಕ, ಎಲ್ಲಿಂದ ಬಂತು, ಮಣ್ಣಿನೊಳಗೆ ಹೋಗಿ ಏನು ಮಾಡಿತು? ಓದುಗರಿಗೆ ಬೇಕಾಗಿರುವುದು ಅದು. ನಾಲ್ಕು ದೇಶಗಳ ಮಣ್ಣಿಗೆ ಬಿದ್ದಿದ್ದು ನಾಲ್ಕು ಬೇರೆ ಬೇರೆ ವಸ್ತು. ಒಂದೊಂದರ ನಡತೆಯೂ ಬೇರೆ.

ನಿಮ್ಮ ಲೇಖನದಲ್ಲಿ ಸರ್ಬಿಯಾದ ಪಾಂಚೆವೊಗೆ ಸಿಕ್ಕಿರುವುದು ಮೂರೇ ಸಾಲು. ನನ್ನನ್ನು ಕೇಳಿದರೆ ಲೇಖನ ಇರುವುದೇ ಅಲ್ಲಿ. ಬೆಲ್‌ಗ್ರೇಡ್ ಪಕ್ಕದ ಈ ಊರಲ್ಲಿ ತೈಲ ಸಂಸ್ಕರಣಾಗಾರ, ಗೊಬ್ಬರದ ಕಾರ್ಖಾನೆ, ಪೆಟ್ರೋಕೆಮಿಕಲ್ ಕಾರ್ಖಾನೆ ಮೂರೂ ಒಟ್ಟಿಗೆ ಇದ್ದವು. 1999ರ ಯುದ್ಧದಲ್ಲಿ ನೇಟೊ ಮಿಲಿಟರಿ ಕೂಟದ ವಿಮಾನಗಳು ಇವುಗಳ ಮೇಲೆ ಬಾಂಬ್ ಹಾಕಿದವು. ನೀವು ‘ಬಾಂಬುಗಳ ವಿಷ’ ಎಂದು ಬರೆದಿದ್ದೀರಿ. ಹಾಗಲ್ಲ. ಅಲ್ಲಿ ಸುರಿದಿದ್ದರಲ್ಲಿ ಹೆಚ್ಚಿನದು ಅದೇ ಕಾರ್ಖಾನೆಗಳ ಟ್ಯಾಂಕುಗಳಲ್ಲಿ ಮೊದಲೇ ಇದ್ದದ್ದು. ಸುಮಾರು 2,100 ಟನ್ ಡೈಕ್ಲೋರೋಈಥೇನ್ ಸೋರಿತು ಎಂದು ಆ ವರ್ಷವೇ ಅಲ್ಲಿಗೆ ಹೋದ ವಿಶ್ವಸಂಸ್ಥೆ ಪರಿಸರ ಕಾರ್ಯಕ್ರಮದ ತಂಡ ದಾಖಲಿಸಿದೆ. ಪಿವಿಸಿ ಪ್ಲಾಸ್ಟಿಕ್ ತಯಾರಿಸಲು ಬೇಕಾಗುವ ದ್ರವ ಅದು. ಒಂದಷ್ಟು ಮಣ್ಣಿಗೆ ಇಳಿಯಿತು, ಒಂದಷ್ಟು ಡ್ಯಾನ್ಯೂಬ್ ನದಿ ಸೇರುವ ಕೊಳಚೆ ಕಾಲುವೆಗೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಈ ದ್ರವಕ್ಕೆ ಬಣ್ಣವಿಲ್ಲ, ಸಿಹಿಯಾದ ವಾಸನೆ ಇದೆ, ನೀರಿಗಿಂತ ಭಾರ. ಪೆಟ್ರೋಲು ಚೆಲ್ಲಿದರೆ ಅಂತರ್ಜಲದ ಮೇಲೆ ತೇಲುತ್ತದೆ. ಇದು ಮರಳಿನ ಸಂದಿಗಳಲ್ಲಿ ಇಳಿದು, ಅಂತರ್ಜಲವನ್ನೂ ದಾಟಿ, ಕೆಳಗೆ ನೀರು ಬಿಡದ ಜೇಡಿಮಣ್ಣಿನ ಪದರ ಸಿಕ್ಕಾಗ ಅದರ ಮೇಲೆ ಮಡುಗಟ್ಟಿ ಕೂರುತ್ತದೆ. ಅಲ್ಲಿಂದ ವರ್ಷಗಟ್ಟಲೆ ಚೂರು ಚೂರೇ ನೀರಿಗೆ ಕರಗುತ್ತದೆ. ಮೇಲೆ ಹುಲ್ಲು ಬೆಳೆದು ಹಸಿರಾಗಿರಬಹುದು. ಆ ಹಸಿರು ನೋಡಿ ನೆಲ ಸರಿಹೋಯಿತು ಅಂದುಕೊಂಡರೆ ಮೋಸ ಹೋದ ಹಾಗೆ. ಇಷ್ಟನ್ನು ನೀವು ನಿಧಾನವಾಗಿ ವಿವರಿಸಿದರೆ ಸಾಕು, ‘ಘೋರ’, ‘ಭೀಕರ’ ಅಂತ ಒಂದು ಸಲವೂ ಬರೆಯಬೇಕಾಗಿಲ್ಲ.

ಅದೇ ತಂಡ ಇನ್ನೊಂದು ಮಾತನ್ನೂ ಹೇಳಿದೆ: ಪಾಂಚೆವೊ ಮಾಲಿನ್ಯದಲ್ಲಿ ಒಂದು ಭಾಗ ಯುದ್ಧಕ್ಕೂ ಹಿಂದಿನದು. ನೀವು ಇದನ್ನು ಬಿಟ್ಟಿದ್ದೀರಿ. ವಾದ ಸಡಿಲವಾಗುತ್ತದೆ ಅನ್ನಿಸಿರಬಹುದು. ನನಗೆ ಉಲ್ಟಾ ಅನ್ನಿಸುತ್ತದೆ. ಮೊದಲೇ ಸೋರುತ್ತಿದ್ದ ಜಾಗಕ್ಕೆ ಬಾಂಬ್ ಬಿದ್ದಾಗ ಯಾರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆ ಗೊಂದಲದಲ್ಲಿ ಶುದ್ಧೀಕರಣದ ಹೊಣೆ ಹೊತ್ತುಕೊಳ್ಳುವವರೇ ಇಲ್ಲದಂತಾಗುತ್ತದೆ. ಅಲ್ಲಿ ಬದುಕುವವರಿಗೆ ಇದಕ್ಕಿಂತ ಜಾಸ್ತಿ ಅನ್ಯಾಯ ಯಾವುದಿದೆ? ಸೇರಿಸಿ.

ವಿಯೆಟ್ನಾಂ ಭಾಗದಲ್ಲಿ ತಪ್ಪುಗಳಿವೆ. ‘ಏಜೆಂಟ್ ಆರೆಂಜ್ ಎಂಬ ಡಯಾಕ್ಸಿನ್’ ಎಂದಿದ್ದೀರಿ. ಏಜೆಂಟ್ ಆರೆಂಜ್ ಎಂದರೆ ಯುದ್ಧದಲ್ಲಿ ಅಮೆರಿಕದ ಸೇನೆ ಕಾಡುಗಳ ಮೇಲೆ ವಿಮಾನದಿಂದ ಸಿಂಪಡಿಸಿದ, 2,4-ಡಿ ಮತ್ತು 2,4,5-ಟಿ ಎಂಬ ಎರಡು ಕಳೆನಾಶಕಗಳ ಮಿಶ್ರಣ. ಎರಡನೆಯದನ್ನು ಕಾರ್ಖಾನೆಯಲ್ಲಿ ತಯಾರಿಸುವಾಗ ಬೇಡದೆಯೂ ಹುಟ್ಟಿಕೊಂಡ ಕಲ್ಮಶವೇ ಡಯಾಕ್ಸಿನ್. ‘ಮಳೆಗೆ ಕರಗಿ ಹೋಯಿತು’ ಎನ್ನುವುದೂ ಸರಿಯಲ್ಲ. ಡಯಾಕ್ಸಿನ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಮಣ್ಣು ಕೊಚ್ಚಿಕೊಂಡು ಹೋದಲ್ಲಿಗೆ ತಾನೂ ಹೋಗಿ ಕೆರೆಯ ಹೂಳು ಸೇರುತ್ತದೆ, ಅಲ್ಲಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ. ಇವತ್ತಿಗೂ ಅತಿ ಹೆಚ್ಚು ಡಯಾಕ್ಸಿನ್ ಉಳಿದ ಜಾಗಗಳನ್ನು ಹುಡುಕಿದರೆ ಸಿಗುವುದು ಸಿಂಪಡಿಸಿದ ಕಾಡುಗಳಿಗಿಂತ ಹೆಚ್ಚಾಗಿ ಬಿಯೆನ್ ಹೋವಾದಂಥ ವಾಯುನೆಲೆಗಳು. ಪೀಪಾಯಿಗಳನ್ನು ಇಟ್ಟಿದ್ದು, ವಿಮಾನಕ್ಕೆ ತುಂಬಿದ್ದು ಅಲ್ಲಿ. ಡಾ ನಾಂಗ್ ವಾಯುನೆಲೆಯಲ್ಲಿ ಮಣ್ಣನ್ನು ಅಗೆದು ರಾಶಿ ಹಾಕಿ, 300 ಡಿಗ್ರಿಗೂ ಮೇಲೆ ಕಾಯಿಸಿ ಶುದ್ಧ ಮಾಡಬೇಕಾಯಿತು. ಆ ಕೆಲಸ ಮುಗಿದಿದ್ದು 2018ರಲ್ಲಿ. ಸಿಂಪಡಣೆ ನಿಂತಿದ್ದು 1971ರಲ್ಲಿ.

ನಿಮ್ಮ ಕೊನೆಯ ಸಾಲು ‘ಕಾಲವೇ ಮಣ್ಣಿನ ಗಾಯ ಮಾಯಿಸುತ್ತದೆ’. ಅದನ್ನು ತೆಗೆಯಲೇಬೇಕು. ಫ್ರಾನ್ಸಿನ ವೆರ್ಡನ್ ಹತ್ತಿರದ ಕಾಡಿನಲ್ಲಿ ಮೊದಲ ಮಹಾಯುದ್ಧದ ನಂತರ ಉಳಿದ ರಾಸಾಯನಿಕ ಶೆಲ್‌ಗಳನ್ನು ಸುಟ್ಟ ಒಂದು ಜಾಗವಿದೆ. ಅಲ್ಲಿನ ಮಣ್ಣಿನ ಕೆಲವು ಮಾದರಿಗಳಲ್ಲಿ ತೂಕದ 17%ವರೆಗೆ ಆರ್ಸೆನಿಕ್ ಸಿಕ್ಕಿದೆ. ಆರ್ಸೆನಿಕ್ ಮೂಲವಸ್ತು. ಬೆಂಕಿಯೂ ಸೂಕ್ಷ್ಮಜೀವಿಯೂ ಅದನ್ನು ಒಡೆದು ಇಲ್ಲವಾಗಿಸಲಾರವು. ಹತ್ತಿರ ಹತ್ತಿರ ಶತಮಾನ ಕಳೆದರೂ ಅದು ಅಲ್ಲೇ ಇದೆ.

‘ಇದನ್ನು ತಡೆಯುವ ಕಾನೂನೇ ಇಲ್ಲ’ ಎಂಬುದನ್ನೂ ತಿದ್ದಿ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್ (ಪೂರಕ ಒಪ್ಪಂದ) ಪರಿಸರಕ್ಕೆ ವ್ಯಾಪಕ, ದೀರ್ಘಕಾಲದ, ತೀವ್ರ ಹಾನಿ ಮಾಡುವ ಯುದ್ಧವಿಧಾನಗಳನ್ನು ನಿಷೇಧಿಸುತ್ತದೆ. ಮೂರೂ ಒಟ್ಟಿಗೆ ಇರಬೇಕು, ಅದೇ ತೊಡಕು. ಅಣೆಕಟ್ಟು, ಒಡ್ಡು, ಅಣುವಿದ್ಯುತ್ ಸ್ಥಾವರಗಳಿಗೆ ಅದರಲ್ಲಿ ವಿಶೇಷ ರಕ್ಷಣೆ ಇದೆ. ಆ ಪಟ್ಟಿಯಲ್ಲಿ ರಾಸಾಯನಿಕ ಕಾರ್ಖಾನೆ ಇಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು, ಅದನ್ನು ಈ ಜಾಗಕ್ಕೆ ತಂದು ನಿಲ್ಲಿಸಿ.

ಕುವೈತ್ ಭಾಗ ಬೇಡ. ಎಣ್ಣೆಬಾವಿಗಳ ಕಥೆ ಬೇರೆಯೇ ಲೇಖನ. ಸರ್ಬಿಯಾದ ಕ್ರಾಗುಯೆವಾಟ್ಸ್‌ನ ಕಾರು ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರ್ ಒಡೆದು ಪಿಸಿಬಿ ಎಂಬ ವಿಷರಾಸಾಯನಿಕ ಇದ್ದ ಎಣ್ಣೆ ಸೋರಿದ್ದನ್ನು ಬರೆದ ಪ್ಯಾರಾ ಮಾತ್ರ ಹಾಗೇ ಇರಲಿ, ಒಂದಕ್ಷರ ಮುಟ್ಟಬೇಡಿ. ಅಲ್ಲಿ ನೀವು ಅಳಲು ಹೋಗಿಲ್ಲ, ಸುಮ್ನೆ ನಡೆದದ್ದನ್ನು ಹೇಳಿದ್ದೀರಿ. ಉಳಿದದ್ದೂ ಹಾಗೇ ಬರಬೇಕು.

ಪಾಂಚೆವೊದಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. ಉದ್ದವಾದರೆ ಚಿಂತೆಯಿಲ್ಲ. ಯಾವ ಅಂಕಿಯನ್ನು ಎಲ್ಲಿಂದ ತೆಗೆದುಕೊಂಡಿರಿ ಎಂದು ಅಂಚಿನಲ್ಲಿ ಗುರುತು ಹಾಕಿ ಕಳಿಸಿ, ಒಂದೊಂದನ್ನೂ ನಾನೇ ತಾಳೆ ನೋಡುತ್ತೇನೆ.